ಕಂಕುಳಿಗೆ ಸುಣ್ಣ

ಸವಣೂರು
9 ಜೂನ್ 2024

ಮಲ್ಲಿಕಾ,

ಆಶೀರ್ವಾದ ಆಮೇಲೆ, ಮೊದಲು ಟವೆಲ್ಲಿನ ವಿಷಯ.

ಹಾಸ್ಟೆಲಿಗೆ ಹೊರಡುವ ಗಡಿಬಿಡಿಯಲ್ಲಿ ನಿನ್ನ ಹಸಿರು ಟವೆಲ್ ಬಾಗಿಲ ಹಿಂದಿನ ಗೂಟಕ್ಕೇ ಉಳಿದಿತ್ತು. ನಿನ್ನೆ ಕಸ ಹೊಡೆಯುವಾಗ ಕೈಗೆ ಸಿಕ್ಕಿತು. ಒದ್ದೆಯಿರಲಿಲ್ಲ, ಒಣಗಿ ಹಳೆಯ ರೊಟ್ಟಿಯಂತೆ ಬಿರುಸಾಗಿತ್ತು. ಆದರೂ ಅದರ ನಾತ! ಉಳ್ಳಾಗಡ್ಡಿ ಕೊಳೆತು ಅದರ ಮೇಲೆ ಕರಿದ ಎಣ್ಣೆ ಸುರಿದಂತೆ. ಅದನ್ನು ಹಿಡಿದು ಅಂಗಳಕ್ಕೆ ಓಡಿದೆ. ಸೋಡಾ ಹಾಕಿ ಕುದಿಸಿದೆ, ಬಿಸಿಲಿಗೆ ಹಾಕಿದೆ, ಮತ್ತೆ ಕುದಿಸಿದೆ. ಹೋಗಲಿಲ್ಲ. ಕಡೆಗೆ ಒಲೆಗೆ ತುರುಕಿದೆ. ನಿಮ್ಮಜ್ಜಿ ಮುದಕವ್ವ ಪಡಸಾಲೆಯಲ್ಲಿ ಕೂತು, "ಯಾಕ ಸುಡ್ತೀ ಗುತ್ತೆವ್ವ, ಹುಡುಗಿ ಮೈ ಒರಸಿಕೊಂಡದ್ದಲ್ಲೇನ ಅದು?" ಎಂದರು. ಮೈ ಒರೆಸಿಕೊಂಡದ್ದಕ್ಕೇ ಸುಟ್ಟದ್ದು.

ನನ್ನ ಮೂಗಿನ ಸಂಗತಿ ನಿನಗೆ ಗೊತ್ತೇ ಇದೆ. ಹತ್ತಿಮತ್ತೂರಿನ ತೋಟಗಳಿಂದ ಬರುವ ವೀಳ್ಯದೆಲೆಯ ಕಟ್ಟನ್ನು ಬಿಚ್ಚದೆಯೇ ಒಳಗೆ ಕೊಳೆತ ಎಲೆ ಇದೆಯೋ ಇಲ್ಲವೋ ಹೇಳುವವಳು ಸವಣೂರು ಪೇಟೆಯಲ್ಲಿ ನಾನೊಬ್ಬಳೇ. ನಿಮ್ಮಪ್ಪನ ಎಲೆ ಅಂಗಡಿ ನಡೆಯುವುದೇ ಈ ಮೂಗಿನ ಮೇಲೆ. ಇದಕ್ಕೆ ಮಗಳು, ಬಂಧು, ಬಳಗ ಎಂಬ ದಾಕ್ಷಿಣ್ಯವಿಲ್ಲ.

ದಿನಾ ಎರಡು ಹೊತ್ತು ಸ್ನಾನ ಮಾಡು. ಕಂಕುಳು, ಕತ್ತಿನ ಹಿಂದೆ, ಕಿವಿಯ ಹಿಂದೆ ಕಡಲೆಹಿಟ್ಟು ಹಾಕಿ ಗಟ್ಟಿಯಾಗಿ ತಿಕ್ಕು. ಬೇರೆ ಹುಡುಗಿಯರ ಹಾಸಿಗೆಯ ಮೇಲೆ ಕೂರಬೇಡ, ಅವರನ್ನೂ ನಿನ್ನದರ ಮೇಲೆ ಕೂರಿಸಬೇಡ. ನಿಮ್ಮ ವಸತಿ ಶಾಲೆಯಲ್ಲಿ ಮಕ್ಕಳ ಕೈಗೆ ಫೋನು ಕೊಡುವುದಿಲ್ಲ. ಭಾನುವಾರ ಮಾತಾಡಿಸುವಾಗ ವಾರ್ಡನ್ ಬಾಯಿಯವರು ಪಕ್ಕದಲ್ಲೇ ನಿಂತಿರುತ್ತಾರೆ. ಇಂಥ ಹೊಲಸು ಮಾತನ್ನು ಅವರೆದುರು ಹೇಗೆ ಆಡಲಿ? ಅದಕ್ಕೇ ಕಾಗದ. ಓದಿ ಹರಿದು ಹಾಕು.

ಚೆನ್ನಾಗಿ ಓದು. ಓದಲೆಂದೇ ಕಳಿಸಿರುವುದು.

ನಿನ್ನ ಅವ್ವ
ಗುತ್ತೆವ್ವ


ಹಿರೇಕೆರೂರು
23 ಜೂನ್ 2024

ಅವ್ವಾ,

ನಿನಗೂ ಅಪ್ಪನಿಗೂ ಅಜ್ಜಿಗೂ ನಮಸ್ಕಾರ. ನಾನು ಆರಾಮ ಇದ್ದೇನೆ. ನಿನ್ನ ಕಾಗದ ಹರಿದಿಲ್ಲ. ಇಲ್ಲಿ ಹರಿದರೆ ಹುಡುಗಿಯರು ಚೂರು ಜೋಡಿಸಿ ಓದುತ್ತಾರೆ. ಟ್ರಂಕಿನ ತಳದಲ್ಲಿಟ್ಟಿದ್ದೇನೆ.

ಆರನೆಯ ತರಗತಿಯವರೆಲ್ಲರಿಗೂ ಒಂದೇ ಉದ್ದನೆಯ ಕೋಣೆ. ಇಲ್ಲಿಯ ನಾತವನ್ನು ಬರೆದರೆ ನೀನು ಸವಣೂರಿನಲ್ಲೇ ಮೂಗು ಮುಚ್ಚಿಕೊಳ್ಳುತ್ತೀಯ. ಒದ್ದೆ ಸಾಕ್ಸು, ತಲೆಗೆ ಮೆತ್ತಿದ ಕೊಬ್ಬರಿ ಎಣ್ಣೆ, ಮೂಲೆಯ ಮಂಚದವಳು ಹಾಸಿಗೆಯಡಿ ಬಚ್ಚಿಟ್ಟು ಮರೆತ ಬಾಳೆಹಣ್ಣು. ಅದು ಕಪ್ಪಾಗಿ, ನೀರು ಬಿಟ್ಟು, ಗಾದಿಗೆ ಅಂಟಿಕೊಂಡಿತ್ತು. ಇನ್ನೊಬ್ಬಳ ತಲೆಯಲ್ಲಿ ಹುಳಕಡ್ಡಿ ಎದ್ದು ಕೂದಲು ಬಿಲ್ಲೆ ಬಿಲ್ಲೆಯಾಗಿ ಉದುರಿದೆ. ಕೆರೆದ ಉಗುರಿನಲ್ಲೇ ಚಪಾತಿ ಮುರಿಯುತ್ತಾಳೆ. ಇಷ್ಟರಲ್ಲಿ ನನ್ನದೊಂದು ನಾತ ಯಾರ ಲೆಕ್ಕಕ್ಕೆ ಬರುತ್ತದೆ ಎಂದುಕೊಂಡಿದ್ದೆ. ಆದರೆ ಮೊನ್ನೆ ಪಕ್ಕದ ಮಂಚದ ಹುಡುಗಿ, "ನೀ ಸಣ್ಣ ಹುಡುಗ್ಯಾರ ಗತೆ ನಾರಂಗಿಲ್ಲ, ದೊಡ್ಡಾಕಿ ಗತೆ ನಾರ್ತಿ" ಎಂದಳು. ಹೇಳಿ ಮಂಚವನ್ನು ಆಚೆಗೆ ಎಳೆದುಕೊಂಡಳು.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಸಂಕ್ರಾಂತಿಯವರೆಗೆ ನಾನು ನಿನ್ನ ಪಕ್ಕದಲ್ಲೇ ಮಲಗುತ್ತಿದ್ದೆ. ನನ್ನ ನೆತ್ತಿ ಮೂಸದೆ ನಿನಗೆ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಒಂದು ದಿನ ನನ್ನ ಹಾಸಿಗೆಯನ್ನು ಅಜ್ಜಿಯ ಕೋಣೆಗೆ ಹಾಕಿದೆ. ಸೆಕೆ ಎಂದೆ. ಅಷ್ಟು ಥಂಡಿಯಲ್ಲಿ ಎಲ್ಲಿಯ ಸೆಕೆ? ನನ್ನನ್ನು ಇಲ್ಲಿಗೆ ಬಿಡಲು ಬರುವಾಗ ಹಾವೇರಿಯಿಂದ ಇಲ್ಲಿಯವರೆಗೂ ಸೆರಗನ್ನು ಮೂಗಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿ ಕೂತಿದ್ದೆ. ಧೂಳು ಎಂದೆ. ಕಿಟಕಿ ಮುಚ್ಚಿತ್ತು.

ನನ್ನನ್ನು ಓದಲಿಕ್ಕೆ ಕಳಿಸಿದೆಯೋ, ನಾತಕ್ಕೆ ಕಳಿಸಿದೆಯೋ?

ಮಲ್ಲಿಕಾ


ಸವಣೂರು
2 ಜುಲೈ 2024

ಮಲ್ಲಿಕಾ,

ಹನ್ನೊಂದು ವರ್ಷಕ್ಕೆ ಇಷ್ಟುದ್ದ ನಾಲಗೆ! ನಿಮ್ಮಜ್ಜಿಯ ಕೋಣೆಯಲ್ಲಿ ಮಲಗಿಸಿದ್ದರ ಫಲ ಇದು. ವಸತಿ ಶಾಲೆಯ ಪರೀಕ್ಷೆ ಬರೆದು ಪಾಸಾದವಳು ನೀನೇ. ಸೀಟು ಸಿಗದೆ ಎಷ್ಟು ಮಕ್ಕಳು ಅತ್ತಿವೆ. ಅದನ್ನು ಬಿಟ್ಟು ಕಿಟಕಿ, ಸೆರಗು ಎಂದು ತನಿಖೆ ಮಾಡುತ್ತ ಕೂತಿದ್ದೀಯ.

ಮೈ ಕೊಳೆಯಾದರೆ ತೊಳೆಯಬೇಕು. ಸೋಪಿಗೆ ಬಗ್ಗದಿದ್ದರೆ ನಮ್ಮ ಕಸುಬಿನ ಪದ್ಧತಿ ಇದೆ. ಕೊಳೆತ ಎಲೆ ಮುಟ್ಟಿದ ಕೈಯಲ್ಲಿ ಒಳ್ಳೆಯ ಎಲೆ ಮುಟ್ಟಿದರೆ ಸಂಜೆಯೊಳಗೆ ಅದೂ ಕಪ್ಪಾಗುತ್ತದೆ. ಅದಕ್ಕೇ ನಾನು ಎಲೆ ಆರಿಸುವಾಗ ಸುಣ್ಣದ ತಿಳಿನೀರು ಪಕ್ಕದಲ್ಲಿಟ್ಟುಕೊಂಡೇ ಕೂರುವುದು, ಹೊಲಸು ಹತ್ತಿದ ಕೂಡಲೇ ಬೆರಳು ಅದ್ದುವುದು. ಇಷ್ಟು ವರ್ಷವಾದರೂ ನನ್ನ ಬೆರಳಿಗೆ ಒಂದು ನಾತ ಹಿಡಿದಿಲ್ಲ. ದುಂಡಸಿಯ ಗುದ್ಲೆಪ್ಪ ಕಾಕಾ ತನ್ನ ಗಾಡಿಯಲ್ಲಿ ನಮ್ಮ ಎಲೆ ಹಾಕಿಕೊಂಡು ಹಿರೇಕೆರೂರಿನ ಸಂತೆಗೆ ಬರುತ್ತಾನಲ್ಲ, ಅವನ ಕೈಯಲ್ಲಿ ಒಂದು ಡಬ್ಬಿ ಸುಣ್ಣ ಕಳಿಸಿದ್ದೇನೆ. ಎಲೆಗೆ ಹಚ್ಚುವ ಸುಣ್ಣವೇ. ನೀರು ಬೆರೆಸಿ ತಿಳಿ ಮಾಡಬೇಡ, ನಿನ್ನದಕ್ಕೆ ತಿಳಿ ಸಾಲದು. ಹಾಗೆಯೇ ಕಂಕುಳಿಗೆ ಮೆತ್ತಿ, ಒಣಗಿದ ಮೇಲೆ ತೊಳೆ. ಉರಿಯುತ್ತದೆ. ಉರಿದರೆ ಹತ್ತಿತೆಂದು ತಿಳಿ.

ಹುಳಕಡ್ಡಿಯವಳ ಪಕ್ಕ ಊಟಕ್ಕೆ ಕೂರಬೇಡ. ಆ ಬಾಳೆಹಣ್ಣಿನ ವಿಷಯ ಇನ್ನೊಮ್ಮೆ ಬರೆದರೆ ನೋಡು. ಅವತ್ತು ಉಂಡದ್ದು ಮೈಗೆ ಹತ್ತಲಿಲ್ಲ.

ಅವ್ವ


ಹಿರೇಕೆರೂರು
28 ಜುಲೈ 2024

ಅವ್ವಾ,

ಡಬ್ಬಿ ಮುಟ್ಟಿತು. ಎಲ್ಲರೂ ಸ್ನಾನ ಮುಗಿಸಿ ಹೋದ ಮೇಲೆ ಬಚ್ಚಲಿನ ಬಾಗಿಲು ಹಾಕಿಕೊಂಡು ಹಚ್ಚುತ್ತೇನೆ. ಉರಿಯುತ್ತದೆ. ಹತ್ತಿತೆಂದು ತಿಳಿಯುತ್ತೇನೆ.

ನಾತ ಹೋಗಿದೆ. ಪಕ್ಕದ ಮಂಚದವಳು ಬಗ್ಗಿ ಮೂಸಿ, "ಈಗ ಸುಣ್ಣಾ ಹೊಡೆದ ಗ್ವಾಡಿ ಗತೆ ವಾಸನಿ ಬರಾಕತ್ತೈತಿ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಗೋಡೆಯಾದರೂ ಪರವಾಗಿಲ್ಲ, ಗೋಡೆಗೆ ಹೆದರಿ ಯಾರೂ ಮಂಚ ಎಳೆದುಕೊಳ್ಳುವುದಿಲ್ಲ.

ಪಂಚಮಿಗೆ ರಜೆ ಇದೆ. ಕೋಣೆಯವರೆಲ್ಲ ಊರಿಗೆ ಹೋಗುತ್ತಾರೆ. ಈ ಸಲ ಜೋಕಾಲಿ ಎಲ್ಲಿ ಕಟ್ಟುತ್ತೀರಿ? ಈಗ ನನ್ನ ಮೈಯಲ್ಲಿ ನಾತವಿಲ್ಲ, ಬೇಕಾದರೆ ಗುದ್ಲೆಪ್ಪ ಕಾಕಾನನ್ನು ಕೇಳು. ಬರಲಾ?

ಮಲ್ಲಿಕಾ


ಸವಣೂರು
12 ಆಗಸ್ಟ್ 2024

ಮಲ್ಲಿಕಾ,

ಉಂಡಿ ಮುಟ್ಟಿದವೇ? ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ ಮೂರೂ ಕಳಿಸಿದ್ದೆ. ಎರಡು ದಿನದ ರಜೆಗೆ ಬಸ್ಸು ಹತ್ತಿ ಇಳಿಯುವುದು ಸುಮ್ಮನೆ ದಣಿವು ಎಂದು ಫೋನಿನಲ್ಲಿ ಬರಬೇಡವೆಂದೆ. ಶ್ರಾವಣದಲ್ಲಿ ಎಲೆಗೆ ಗಿರಾಕಿ ಜಾಸ್ತಿ, ನನಗೆ ತಲೆ ಬಾಚಿಕೊಳ್ಳಲೂ ಹೊತ್ತಿಲ್ಲ. ಮೇಲಾಗಿ ಈ ಮಳೆ. ಕಟ್ಟಿನೊಳಗೆ ಎಲೆ ಲೋಳೆಯಾಗಿ, ಬೆರಳು ಹಾಕಿದರೆ ಸಿಂಬಳದಂತೆ ಜಾರುತ್ತದೆ. ಅದೇ ಕೈಯಲ್ಲಿ ಉಂಡಿ ಕಟ್ಟಿದೆ. ಹೆದರಬೇಡ, ಸುಣ್ಣದಲ್ಲಿ ತೊಳೆದೇ ಕಟ್ಟಿದ್ದು.

ಜೋಕಾಲಿ ಕಟ್ಟಲಿಲ್ಲ. ನಿಮ್ಮಜ್ಜಿ ಹಬ್ಬದ ದಿನ ಒಂದು ಉಂಡಿಯನ್ನೂ ಮುಟ್ಟಲಿಲ್ಲ. ಸಂಜೆ, "ಪಂಚಮಿಗೆ ಹೆಣ್ಣು ಹುಡುಗಿ ಬರೂದು ಬ್ಯಾಡ ಅಂದಾಕಿನ್ನ ನಿನ್ನೊಬ್ಬಾಕಿನ್ನ ನೋಡೇನಿ" ಎಂದರು. ಅನ್ನಲಿ.

ಅರಿವೆ ಪೆಟ್ಟಿಗೆ ತೆಗೆದಾಗ ನೀನು ಕೂಸಾಗಿದ್ದಾಗ ತಲೆಗೆ ಕಟ್ಟುತ್ತಿದ್ದ ಕುಂಚಿಗೆ ಸಿಕ್ಕಿತು. ಮೂಸಿ ನೋಡಿದೆ. ಡಾಂಬರು ಗುಳಿಗೆಯ ವಾಸನೆ ಬಿಟ್ಟರೆ ಏನೂ ಇಲ್ಲ. ಇದನ್ನೆಲ್ಲ ನಿನಗೆ ಯಾಕೆ ಬರೆಯುತ್ತಿದ್ದೇನೋ.

ಸುಣ್ಣ ಬಿಡಬೇಡ. ಒಂದು ದಿನ ಬಿಟ್ಟರೂ ಮತ್ತೆ ಮೊದಲಿನಂತೆಯೇ. ಇನ್ನೊಂದು ಡಬ್ಬಿ ಕಳಿಸಿದ್ದೇನೆ. ದಸರೆಗೆ ದೊಡ್ಡ ರಜೆ ಇದೆಯಲ್ಲ, ಆಗ ನೋಡೋಣ.

ಅವ್ವ


ಹಿರೇಕೆರೂರು
22 ಸೆಪ್ಟೆಂಬರ್ 2024

ಅವ್ವಾ,

ಬಹಳ ದಿನ ಬರೆಯಲಿಲ್ಲ. ಕೈ ಎತ್ತಲೂ ಆಗುತ್ತಿರಲಿಲ್ಲ, ಇಳಿಸಲೂ ಆಗುತ್ತಿರಲಿಲ್ಲ. ವಾರ್ಡನ್ ಬಾಯಿ ನಿನಗೆ ಫೋನು ಮಾಡಿ ಹುಣ್ಣಾಗಿದೆ ಎಂದಷ್ಟೇ ಹೇಳಿದರಂತೆ. ನೀನು ಮರುದಿನವೇ ಬಂದದ್ದು ಗೊತ್ತು, ಗೇಟಿನ ಹತ್ತಿರ ನಿನ್ನ ಧ್ವನಿ ಕೇಳಿತು. ಬರುವುದಿಲ್ಲ ಎಂದು ಹೇಳಿ ಕಳಿಸಿದವಳು ನಾನೇ. ಬಾಯಿಯವರ ಮೇಲೆ ಸಿಟ್ಟಾಗಬೇಡ.

ಸುಣ್ಣ ಹಚ್ಚಿದ ಕಡೆ ಮೊದಲು ಕೆಂಪಾಯಿತು. ಆಮೇಲೆ ಚರ್ಮ ಹಾಲಿನ ಕೆನೆಯಂತೆ ಎದ್ದು ಬಂತು. ಅದರ ಮೇಲೂ ಹಚ್ಚಿದೆ. ಒಂದು ದಿನವೂ ಬಿಡಬೇಡ ಎಂದಿದ್ದೆಯಲ್ಲ. ಎರಡೂ ಕಡೆ ಕೀವು ತುಂಬಿತು. ಹಳದಿ ಕೀವು ಅಂಗಿಗೆ ಅಂಟಿ ಒಣಗಿ, ಅಂಗಿ ಬಿಚ್ಚುವಾಗ ಚರ್ಮವೂ ಕಿತ್ತು ಬರುತ್ತಿತ್ತು. ಅದರ ಮೇಲೆ ನೊಣ. ಆ ನಾತದ ಮುಂದೆ ನನ್ನ ಮೊದಲಿನ ನಾತ ಮಲ್ಲಿಗೆ. ಮಂಚ ಎಳೆದುಕೊಳ್ಳಲು ಯಾರಿಗೂ ಜಾಗ ಉಳಿಯದೆ ಕಡೆಗೆ ನನ್ನ ಮಂಚವನ್ನೇ ವರಾಂಡಕ್ಕೆ ಹಾಕಿದರು.

ತಪಾಸಣೆಗೆ ಬರುವ ಡಾಕ್ಟರ್ ನುಜಹತ ಬಾಯಿಯವರು ನೋಡಿದರು. ಏನು ಹಚ್ಚಿದೆ ಎಂದು ಕೇಳಿದರು. ಸುಣ್ಣ ಎಂದೆ. ಯಾರು ಹೇಳಿದರು ಎಂದರು. ನನ್ನದೇ ಬುದ್ಧಿ ಎಂದೆ. ನಿನ್ನ ಹೆಸರು ಹೇಳಲಿಲ್ಲ.

ಅವರು ಗಾಯ ತೊಳೆಯುತ್ತ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ಎಲ್ಲಾರ ಮೈಮ್ಯಾಲೂ ಕಣ್ಣಿಗೆ ಕಾಣದಂಥ ಜೀವ ಇರ್ತಾವವಾ. ಹುಟ್ಟಿದ ಕೂಸಿಗೆ ಮೊದಲ ಅವ್ವನ ಮೈಯಿಂದನ ಬರ್ತಾವು. ಸಣ್ಣವರಿದ್ದಾಗ ನಾನಾ ನಮೂನಿವು ಇರ್ತಾವು, ಭಾಳ ಮಟ್ಟಿಗೆ ಅವ್ವನ ಮೈಮ್ಯಾಲಿನವನ್ನ ಹೋಲ್ತಾವು. ನಿನ್ನ ವಯಸ್ಸಿಗೆ ಬಂದಾಗ ಮೈ ಎಣ್ಣಿ ಬಿಡಾಕ ಹತ್ತತೈತಿ, ಬೆವರೂ ಬ್ಯಾರೆ ಆಕ್ಕೈತಿ. ಆ ಎಣ್ಣಿ ತಿಂದು ಬದುಕೂವು ಹೆಚ್ಚಾಕ್ಕಾವು, ಹಳೇವು ಜಾಗಾ ಬಿಡ್ತಾವು. ಬೆವರಿಗೆ ನಾತ ಇರಂಗಿಲ್ಲ. ಇವು ಬೆವರು ತಿಂದು ಬಿಟ್ಟದ್ದಕ್ಕ ನಾತ. ಅದು ಹೊಲಸಲ್ಲ, ನೀ ಬೆಳ್ಯಾಕತ್ತಿ ಅಷ್ಟ. ಸುಣ್ಣಾ ಹಚ್ಚಿ ನಿನ್ನ ಕಾಯೂ ಜೀವಾನೂ ಸುಟ್ಟಿ, ಚರ್ಮಾನೂ ಸುಟ್ಟಿ. ಖಾಲಿ ಬಿದ್ದ ಮನಿಗೆ ಕೀವು ಮಾಡೂವು ಹೊಕ್ಕವು."

ಹುಳಕಡ್ಡಿಯವಳನ್ನೂ ನೋಡಿ ಗುಳಿಗೆ ಕೊಟ್ಟರು. ದೊಡ್ಡವಳಾಗಿ ತಲೆಯ ಚರ್ಮ ಎಣ್ಣೆ ಬಿಡತೊಡಗಿದರೆ ಅಂಥದ್ದು ಬರುವುದೇ ಕಡಿಮೆಯಂತೆ. ನನಗೆ ನಾತ ತಂದ ಆ ಎಣ್ಣೆಯೇ ಅವಳನ್ನು ಕಾಯುತ್ತದೆ, ನೋಡು.

ಚಿಕ್ಕಂದಿನ ಜೀವಗಳು ವಾಪಸು ಬರುತ್ತವೆಯೇ ಎಂದು ಡಾಕ್ಟರನ್ನು ಕೇಳಿದೆ. "ಇಲ್ಲವಾ, ಹೋದವು ಹೋದ್ವು" ಎಂದರು.

ಎಲೆ ಆರಿಸಿ ಆರಿಸಿ ನಿನ್ನ ಬೆರಳು ದಡ್ಡುಗಟ್ಟಿದೆ. ಅದು ಸುಣ್ಣವನ್ನು ತಡೆದುಕೊಳ್ಳುತ್ತದೆ, ನನ್ನ ಕಂಕುಳು ತಡೆದುಕೊಳ್ಳಲಿಲ್ಲ. ಆದರೆ ನಾನು ಗೇಟಿಗೆ ಬಾರದಿದ್ದದ್ದು ಅದರ ಸಿಟ್ಟಿಗಲ್ಲ. ಆ ಕೀವಿನ ಮೈಯಲ್ಲಿ ನಿನ್ನೆದುರು ನಿಂತರೆ ನಿನ್ನ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತಿತ್ತು. ಅದನ್ನು ನೋಡುವ ಧೈರ್ಯ ಇರಲಿಲ್ಲ.

ಜೂನಿನಲ್ಲಿ ಕೇಳಿದ್ದಕ್ಕೆ ನೀನು ಉತ್ತರ ಬರೆದಿಲ್ಲ. ದಸರೆಗೆ ಮನೆಗೆ ಬರುವುದೋ, ಇಲ್ಲೇ ಇರುವುದೋ ಉತ್ತರ ನೋಡಿ ಹೇಳುತ್ತೇನೆ.

ಮಲ್ಲಿಕಾ


ಸವಣೂರು
28 ಸೆಪ್ಟೆಂಬರ್ 2024

ಮಲ್ಲಿಕಾ,

ಕಾಗದ ಓದಿ ನನಗೆ ಮೊದಲು ಬಂದದ್ದು ಹೇಸಿಗೆ. ಸುಳ್ಳು ಬರೆಯಲಾರೆ. ಕೆನೆ, ಕೀವು, ನೊಣ ಎಂದು ಓದಿದ ಮೇಲೆ ಇವತ್ತಿನವರೆಗೂ ಹಾಲು ಬಾಯಿಗೆ ಹಾಕಿಲ್ಲ. ಡಾಕ್ಟರರ ಮಾತು ಓದಿದ ಮೇಲಂತೂ ಕೇಳಬೇಡ. ನನ್ನ ಮೈಮೇಲೂ ಅವು ತಿಂದುಕೊಂಡು, ಬಿಟ್ಟುಕೊಂಡು ಸಂಸಾರ ಮಾಡುತ್ತಿವೆ, ಮೊದಲು ಅವನ್ನು ನಿನಗೆ ದಾಟಿಸಿದವಳು ನಾನೇ ಎಂದರೆ! ಬಚ್ಚಲಿಗೆ ಹೋಗಿ ಮೈ ಉಜ್ಜಿಕೊಂಡೆ, ಬಂದೆ, ಮತ್ತೆ ಹೋದೆ. ತೋಳು ನೋಡಿಕೊಂಡರೆ ಏನೋ ಹರಿದಾಡಿದಂತೆ ಅನ್ನಿಸುತ್ತದೆ. ನಿಮ್ಮಜ್ಜಿಗೆ ಹೇಳಿದರೆ, "ಇದ್ರ ಇರ್ಲಿ ಬಿಡವಾ, ನಿನಗೇನ ರೊಟ್ಟಿ ಬಡದ ಹಾಕಂತಾವೇನ?" ಎಂದರು.

ಆಮೇಲೆ ಅತ್ತುಬಿಟ್ಟೆ. ನನ್ನ ಹೆಸರು ಹೇಳಲಿಲ್ಲ ಎಂದು ಬರೆದಿದ್ದೀಯಲ್ಲ, ಆ ಸಾಲಿಗೆ.

ನಿನ್ನ ಪ್ರಶ್ನೆಗೆ ಉತ್ತರ ಇದು. ನಾತಕ್ಕೇ ಕಳಿಸಿದೆ. ಓದು ಒಳ್ಳೆಯ ನೆಪವಾಗಿ ಸಿಕ್ಕಿತು.

ನೀನು ಹುಟ್ಟಿದ್ದು ಹಾನಗಲ್ಲಿನ ನನ್ನ ತವರಿನಲ್ಲಿ. ನಿನ್ನನ್ನು ಎದೆಯ ಮೇಲೆ ಹಾಕಿದಾಗ ನೆತ್ತಿಗೆ ಮೂಗಿಟ್ಟೆ. ಅದು ಯಾವುದರ ವಾಸನೆಯೆಂದು ಈ ಮೂಗಿಗೆ ಇವತ್ತಿಗೂ ಹೇಳಲಾಗಿಲ್ಲ. ದಿನವಿಡೀ ಕೊಳೆತದ್ದನ್ನು ಮೂಸಿ ಬಂದು ಕಡೆಗೆ ಅದನ್ನೊಂದು ಮೂಸಿದರೆ ನನ್ನ ಜೀವ ತಣ್ಣಗಾಗುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮೂಗಿಟ್ಟರೆ ಅದು ಇರಲೇ ಇಲ್ಲ. ಬೇರೆ ಯಾರದೋ ವಾಸನೆ, ಜಿಡ್ಡು ಜಿಡ್ಡು. ಯಾರೋ ನನ್ನ ಕೂಸನ್ನು ಎತ್ತಿಕೊಂಡು ಹೋಗಿ ಗುರುತಿಲ್ಲದ ಹೆಂಗಸೊಬ್ಬಳನ್ನು ಪಕ್ಕದಲ್ಲಿ ಮಲಗಿಸಿದಂತಾಯಿತು. ಹೇಸಿಗೆಯಾಯಿತು. ಹೆತ್ತ ಮಗಳಿಗೆ ಹೇಸಿದೆನಲ್ಲ ಎಂದು ಸಿಟ್ಟು ಬಂತು. ಆ ಸಿಟ್ಟನ್ನೂ ನಿನ್ನ ಮೇಲೆಯೇ ಹಾಕಿದೆ. ಕಟ್ಟಿನಲ್ಲಿ ಒಂದು ಎಲೆ ನಾರಿದರೆ ಅದನ್ನು ತೆಗೆದು ಆಚೆ ಇಡುವುದೊಂದೇ ನನಗೆ ಗೊತ್ತಿರುವುದು. ನಿನ್ನನ್ನೂ ಹಾಗೆಯೇ ಇಟ್ಟೆ.

ಈಗ ಹೇಸಿಗೆ ಹೋಗಿದೆ ಎಂದು ಬರೆದರೆ ನಂಬಬೇಡ. ನೀನು ಎದುರು ನಿಂತಾಗ ನನ್ನ ಮುಖ ಹೇಗಾಗುತ್ತದೋ ನನಗೂ ತಿಳಿಯದು. ಅದರ ಮೇಲೆ ನನ್ನ ಹಿಡಿತವಿಲ್ಲ. ಆದರೂ ನೀನು ಮನೆಗೆ ಬರಬೇಕು. ದಿನಾ ಗಾಯ ತೊಳೆದು ಮುಲಾಮು ಹಚ್ಚಬೇಕೆಂದು ವಾರ್ಡನ್ ಬಾಯಿ ಹೇಳಿದರು. ಅದನ್ನು ನಾನೇ ಮಾಡುತ್ತೇನೆ.

ಗುದ್ಲೆಪ್ಪನನ್ನು ಕಳಿಸುವುದಿಲ್ಲ, ನಾನೇ ಬರುತ್ತೇನೆ. ಗೇಟಿಗೆ ಬಾ.

ಅವ್ವ


ಹಿರೇಕೆರೂರು
23 ಅಕ್ಟೋಬರ್ 2024

ಅವ್ವಾ,

ಹಾಸ್ಟೆಲಿಗೆ ಸುಖವಾಗಿ ಬಂದು ಮುಟ್ಟಿದೆ. ಡಾಕ್ಟರ್ ನುಜಹತ ಬಾಯಿಯವರು ನೋಡಿದರು, ಗಾಯ ಕೂಡಿದೆ, ಇನ್ನು ಮುಲಾಮು ಸಾಕು ಎಂದರು. ಕಲೆ ಉಳಿಯುತ್ತದಂತೆ. ಮಂಚವನ್ನು ಒಳಗೆ ಹಾಕಿದ್ದಾರೆ. ನನ್ನ ಹಳೆಯ ನಾತ ಮತ್ತೆ ಶುರುವಾಗಿದೆ. ಪಕ್ಕದ ಮಂಚದವಳಿಗೂ ರಜೆಯಲ್ಲಿ ಶುರುವಾಗಿದೆ, ಅವಳಿಗಿನ್ನೂ ಗೊತ್ತಿಲ್ಲ. ಹೇಳಿದರೆ ಅಳುತ್ತಾಳೆಂದು ಸುಮ್ಮನಿದ್ದೇನೆ.

ಮನೆಯಲ್ಲಿದ್ದಾಗ ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತೇನೆ.

ನಾನು ಬಂದ ಮರುದಿನ ಬೆಳಿಗ್ಗೆ ನೀನು ಪಡಸಾಲೆಯಲ್ಲಿ ಕೂತು ಪಟ್ಟಿ ಬಿಚ್ಚಿದೆಯಲ್ಲ. ಬಿಚ್ಚಿದ ಕೂಡಲೇ ನಾತ ನನ್ನ ಮುಖಕ್ಕೇ ಬಡಿಯಿತು. ಹತ್ತಿಯಲ್ಲಿ ಹಳದಿ, ಹಸಿರು ಎಲ್ಲ ಅಂಟಿತ್ತು. ನಿನ್ನ ಮುಖ ನೋಡಬಾರದೆಂದು ಮೊದಲೇ ನಿಶ್ಚಯ ಮಾಡಿದ್ದೆ, ಆದರೂ ನೋಡಿದೆ. ನಾನು ಹೆದರಿದ್ದಕ್ಕಿಂತಲೂ ಕೆಟ್ಟದಾಗಿತ್ತು. ಬಲಗಡೆಗೆ ಹಚ್ಚುವಾಗ ನಿನ್ನ ಕಣ್ಣಲ್ಲಿ ನೀರು ತುಂಬಿತ್ತು, ಆದರೆ ಬೆರಳು ಮಾತ್ರ ಮೆತ್ತಗೆ ಆಡುತ್ತಿತ್ತು. ಆ ಕಡೆ ಮುಗಿಸಿ, ಎಡಗಡೆಗೆ ಹಚ್ಚುವ ಮೊದಲೇ ಬಾಯಿಗೆ ಕೈ ಒತ್ತಿಕೊಂಡು ಹಿತ್ತಲಿಗೆ ಓಡಿದೆ.

ನೀನು ವಾಂತಿ ಮಾಡುವುದು ಕೇಳಿಸಿತು. ಅಜ್ಜಿಗೂ ಕೇಳಿಸಿತು. "ಕೈ ಇಳಸವಾ, ಆಕಿ ಇನ್ನ ಬರಂಗಿಲ್ಲ. ತಾ ಇಲ್ಲೆ, ನಾ ಹಚ್ತೇನಿ" ಎಂದು ಮುಲಾಮಿಗೆ ಕೈ ಚಾಚಿದರು.

ನಾನು ಕೊಡಲಿಲ್ಲ. ಎಡಗೈ ಎತ್ತಿಕೊಂಡೇ ಕೂತೆ. ನೀರು ಸುರಿದ ಸಪ್ಪಳ, ನೀನು ಬಾಯಿ ಮುಕ್ಕಳಿಸಿದ ಸಪ್ಪಳ ಬಂತು. ಆಮೇಲೆ ಏನೂ ಬರಲಿಲ್ಲ. ಹಿತ್ತಲಿನಿಂದಲೇ ಅಂಗಡಿಗೆ ಹೋದೆ ಎಂದುಕೊಂಡೆ. ತೋಳು ನೋಯತೊಡಗಿತು. ಇಳಿಸಿಬಿಟ್ಟರೆ ನೀನು ಹೋದದ್ದು ನಿಜವಾಗಿಬಿಡುತ್ತದೆ ಎಂದು ಹಲ್ಲು ಕಚ್ಚಿ ಹಿಡಿದಿದ್ದೆ.

ಆಗ ನೀನು ಸೆರಗಿನಿಂದ ಗಲ್ಲ ಒರೆಸಿಕೊಳ್ಳುತ್ತ ಬಂದೆ. ನಿನ್ನ ಬಾಯಿ ವಾಂತಿ ನಾರುತ್ತಿತ್ತು. ನನ್ನ ಎದುರು ಕೂತು ಬೆರಳಿಗೆ ಮುಲಾಮು ತೆಗೆದುಕೊಂಡು, ಕಂಕುಳಿನ ಹತ್ತಿರ ಮುಖ ತಂದು, "ಇನ್ನಾ ಚೂರು ಮ್ಯಾಲೆತ್ತ" ಎಂದೆ.

ನಿನ್ನ ಮಗಳು
ಮಲ್ಲಿಕಾ